ಖಾಲಿ ಇರುವುದು ಖಾಲಿಯೇ ಇರಲಿ

ಪ್ರತಿ ವರ್ಷ ಮೇ 31 ಬಂತೆಂದರೆ ರಾಜ್ಯದ ಸರ್ಕಾರಿ ಕಚೇರಿಗಳಲ್ಲೂ ಶಾಲೆಗಳಲ್ಲೂ ಬೀಳ್ಕೊಡುಗೆಗಳ ಸುಗ್ಗಿ. ಹಾರ, ಶಾಲು, ಫಲತಾಂಬೂಲಕ್ಕೆ ಬಿಡುವೇ ಇರುವುದಿಲ್ಲ. ಅಷ್ಟೊಂದು ಜನ ಒಂದೇ ದಿನ ನಿವೃತ್ತರಾಗುವುದು ಏಕೆಂದು ನೌಕರರಿಗೆಲ್ಲ ಗೊತ್ತು. ಮಗನನ್ನು ಒಂದನೇ ಕ್ಲಾಸಿಗೆ ಸೇರಿಸಲು ಬಂದ ಅಪ್ಪನಿಗೆ ಹುಟ್ಟಿದ ತಾರೀಕು ಗೊತ್ತಿರಲಿಲ್ಲ. ‘ಕೆರೆ ಕೋಡಿ ಬಿದ್ದ ವರ್ಷ, ಮಾರಿಹಬ್ಬದ ಆಸುಪಾಸು’ ಎಂದರೆ ದಾಖಲಾತಿ ಪುಸ್ತಕ ಒಪ್ಪುತ್ತಿರಲಿಲ್ಲ. ಹೆಡ್‌ಮೇಷ್ಟ್ರು ಹುಡುಗನ ಕೈಯನ್ನು ನೆತ್ತಿಯ ಮೇಲಿಂದ ಆಚೆ ಕಿವಿಗೆ ಮುಟ್ಟಿಸಿ ನೋಡಿ, ವರ್ಷ ಅಂದಾಜು ಮಾಡಿ, ಶಾಲೆ ಶುರುವಾಗುವ ಜೂನ್ 1 ಎಂದು ಬರೆದುಕೊಂಡರು. ತಿಂಗಳ ಒಂದನೇ ತಾರೀಕು ಹುಟ್ಟಿದ ನೌಕರ ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತನಾಗಬೇಕು ಎನ್ನುತ್ತದೆ ಸೇವಾ ನಿಯಮ. ಅರವತ್ತು ತುಂಬುವ ಹೊತ್ತಿಗೆ ಅದು ಮೇ 31 ಆಗಿ ಕೂತಿತು.

ಮೇಷ್ಟ್ರನ್ನು ದೂರುವಂತಿಲ್ಲ. ‘ಗೊತ್ತಿಲ್ಲ’ ಎಂದು ಬರೆಯಲು ಆ ಪುಸ್ತಕದಲ್ಲಿ ಜಾಗವಿರಲಿಲ್ಲ. ಎಡವಟ್ಟಾದದ್ದು ಆಮೇಲೆ. ಶಾಲೆಯ ಪುಸ್ತಕದಿಂದ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ, ಅಲ್ಲಿಂದ ಸೇವಾ ಪುಸ್ತಕಕ್ಕೆ, ಪ್ಯಾನ್ ಕಾರ್ಡಿಗೆ, ಬ್ಯಾಂಕ್ ಖಾತೆಗೆ ಆ ತಾರೀಕು ನಕಲಾಗುತ್ತಾ ಹೋಯಿತು. ಅದು ಅಂದಾಜಿನ ತಾರೀಕು ಎಂಬ ವಿಷಯ ಮಾತ್ರ ಮೊದಲ ನಕಲಿನಲ್ಲೇ ಉದುರಿಹೋಯಿತು. ಇಂದು ಜೂನ್ 1 ಎಂದಿರುವ ದಾಖಲೆಗಳಲ್ಲಿ ನಿಜವಾಗಿ ಅಂದೇ ಹುಟ್ಟಿದವರು ಯಾರು, ಮೇಷ್ಟ್ರು ಹುಟ್ಟಿಸಿದವರು ಯಾರು ಎಂದು ಹೇಳುವುದು ಯಾವ ಕಂಪ್ಯೂಟರಿಗೂ ಸಾಧ್ಯವಿಲ್ಲ.

ಕಂಪ್ಯೂಟರ್ ಭಾಷೆಯಲ್ಲಿ ಇದಕ್ಕೆ ಡೀಫಾಲ್ಟ್ ವ್ಯಾಲ್ಯೂ ಎನ್ನುತ್ತಾರೆ. ಡೇಟಾಬೇಸ್ ಟೇಬಲ್ಲಿನ ಒಂದು ಕಾಲಂಗೆ ಯಾರೂ ಏನೂ ತುಂಬದಿದ್ದರೆ ಯಂತ್ರವೇ ತುಂಬಿಕೊಳ್ಳುವ ಸಿದ್ಧ ಉತ್ತರ ಅದು. ದೇಶದ ಕಾಲಂಗೆ ‘ಭಾರತ’, ಸ್ಥಿತಿಯ ಕಾಲಂಗೆ ‘ಚಾಲ್ತಿ’, ಮೊತ್ತದ ಕಾಲಂಗೆ ಸೊನ್ನೆ, ತಾರೀಕಿನ ಕಾಲಂಗೆ ಇವತ್ತಿನ ತಾರೀಕು. ದಿನನಿತ್ಯದ ಕೆಲಸದಲ್ಲಿ ಇದರಿಂದ ಅನುಕೂಲವೇ. ಆದರೆ ಹಳೇ ಸಾಫ್ಟ್‌ವೇರಿನಿಂದ ಹೊಸದಕ್ಕೆ ದತ್ತಾಂಶ ಸಾಗಿಸುವ ದಿನ, ಅಂದರೆ ಮೈಗ್ರೇಷನ್ ದಿನ, ಈ ಅನುಕೂಲವೇ ಸುಳ್ಳುಸಾಕ್ಷಿಯಾಗಿ ನಿಲ್ಲುತ್ತದೆ. ಆದ್ದರಿಂದ ಸಾಗಿಸುವ ಮೊದಲೇ ಡೀಫಾಲ್ಟ್‌ಗಳನ್ನು ಕಿತ್ತುಹಾಕಬೇಕು. ಇದನ್ನು ಐಟಿ ವಿಭಾಗದ ಹುಡುಗರ ಕೆಲಸವೆಂದು ಬಿಡದೆ, ಮಾಲೀಕರು ಮತ್ತು ಅಧಿಕಾರಿಗಳೇ ಕೂತು ಕೇಳಿ ಮಾಡಿಸಬೇಕು.

ಈ ಮಾತನ್ನು ಮೊದಲು ಹೇಳಬೇಕಾದ ಊರು ಬೊಮ್ಮಸಂದ್ರ. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಇಲ್ಲಿಯವರೆಗೆ ಹಳದಿ ಮಾರ್ಗದ ಮೆಟ್ರೊ ಓಡಲಾರಂಭಿಸಿದ ಮೇಲೆ, ಸಾಫ್ಟ್‌ವೇರ್ ಬರೆಯುವವರೂ ಆ ಸಾಫ್ಟ್‌ವೇರಿನಲ್ಲಿ ಹಾಜರಿ ಒತ್ತುವವರೂ ಒಂದೇ ಬೋಗಿಯಲ್ಲಿ ಕೂತು ಬರುತ್ತಾರೆ. ಮೊದಲಿನವರು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇಳಿದರೆ, ಎರಡನೆಯವರು ಕೊನೆಯ ನಿಲ್ದಾಣದಲ್ಲಿ ಇಳಿದು ಕಾರ್ಖಾನೆಗಳತ್ತ ಹೆಜ್ಜೆ ಹಾಕುತ್ತಾರೆ. ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆ ಸೇರಿದ ಆನೇಕಲ್ ತಾಲ್ಲೂಕಿನ ಈ ಪಟ್ಟಿಯಲ್ಲಿ ಔಷಧ ಕಂಪನಿಯಿಂದ ಹಿಡಿದು ಎರಡೇ ಲೇತ್ ಮೆಷಿನ್ ಇಟ್ಟುಕೊಂಡ ಶೆಡ್‌ವರೆಗೆ ಎಲ್ಲ ಅಳತೆಯ ಉದ್ಯಮಗಳಿವೆ. ಹಲವು ಕಡೆ ಲೆಕ್ಕ ಮೊದಲು ಲೆಡ್ಜರಿನಲ್ಲಿತ್ತು, ಆಮೇಲೆ ಎಕ್ಸೆಲ್‌ಗೆ ಬಂತು, ಟ್ಯಾಲಿಗೆ ಹೋಯಿತು, ಈಗ ಇಆರ್‌ಪಿಗೆ ಹೊರಟಿದೆ. ದೊಡ್ಡ ಕಂಪನಿಗಳ ತಲೆನೋವು ಬೇರೆ: ತನ್ನ ಇಆರ್‌ಪಿ ಸಾಫ್ಟ್‌ವೇರಿನ ಇಸಿಸಿ ಎಂಬ ಹಳೇ ಆವೃತ್ತಿಯ ಮುಖ್ಯ ನಿರ್ವಹಣೆಯನ್ನು 2027ರ ಕೊನೆಗೆ ನಿಲ್ಲಿಸುವುದಾಗಿ ಎಸ್‌ಎಪಿ ಹೇಳಿಬಿಟ್ಟಿದೆ. ಬಳಸುತ್ತಿರುವವರು ಹೊಸದಕ್ಕೆ ಏರಲೇಬೇಕು, ಇಲ್ಲವೇ ಬೇರೆ ದಾರಿ ನೋಡಿಕೊಳ್ಳಬೇಕು.

ಹೀಗೆ ಏರುವಾಗ ಏನಾಗುತ್ತದೆ ಎಂಬುದನ್ನು ಒಂದು ಕಾರ್ಖಾನೆಯ ಉದಾಹರಣೆಯಲ್ಲೇ ನೋಡೋಣ. ಸಾವಿರ ನೌಕರರ ಘಟಕ ಎಂದಿಟ್ಟುಕೊಳ್ಳಿ. ಹಳೇ ಪೇರೋಲ್ ಸಾಫ್ಟ್‌ವೇರ್ ಶನಿವಾರ ಸಂಜೆ ಬಂದ್ ಆಗಿ, ಸೋಮವಾರ ಮೊದಲ ಪಾಳಿಗೆ ಹೊಸದು ಶುರುವಾಗಬೇಕು. ಹೊಸ ಟೇಬಲ್ಲಿನಲ್ಲಿ ‘ಸೇರಿದ ದಿನಾಂಕ’ ಎಂಬ ಕಾಲಂ ಇದೆ, ಅದರ ಡೀಫಾಲ್ಟ್ ಇವತ್ತಿನ ತಾರೀಕು. ಹೊಸಬರನ್ನು ಸೇರಿಸಿಕೊಳ್ಳುವಾಗ ಎಚ್‌ಆರ್‌ನವರಿಗೆ ಟೈಪ್ ಮಾಡುವ ಶ್ರಮ ಉಳಿಯಲಿ ಎಂದು ಇಟ್ಟದ್ದು. ಹಳೇ ಫೈಲಿನಲ್ಲಿ ಎಂಬತ್ತು ಜನರ ಸೇರಿದ ದಿನಾಂಕ ಖಾಲಿ. ಅವರು ಮೊದಲು ಲೇಬರ್ ಕಂಟ್ರಾಕ್ಟರ್ ಕೈಕೆಳಗಿದ್ದು ಆಮೇಲೆ ಕಾಯಂ ಆದವರು. ಕಾಗದ ಎಲ್ಲೋ ಇದೆ, ಕಂಪ್ಯೂಟರಿಗೆ ಏರಿಲ್ಲ. ಮೈಗ್ರೇಷನ್ ಸ್ಕ್ರಿಪ್ಟ್ ಬರೆದವರು ಖಾಲಿ ಇರುವ ಕಡೆ ಆ ಕಾಲಂ ಹೆಸರನ್ನೇ ಬಿಟ್ಟು ಸಾಲು ಕಳಿಸಿದರು. ಎಲ್ಲೂ ತಪ್ಪು ಸಂದೇಶ ಬರಲಿಲ್ಲ. ಸಾವಿರ ಸಾಲು ಹೊರಟಿತು, ಸಾವಿರ ಸಾಲು ತಲುಪಿತು, ಲೆಕ್ಕ ತಾಳೆಯಾಯಿತು, ಎಲ್ಲರೂ ಕೈಕುಲುಕಿ ಮನೆಗೆ ಹೋದರು. ಹತ್ತು ಹನ್ನೆರಡು ವರ್ಷ ದುಡಿದ ಎಂಬತ್ತು ಜನ ಆ ಭಾನುವಾರ ರಾತ್ರಿ ಕೆಲಸಕ್ಕೆ ಸೇರಿದವರಾದರು.

ಗ್ರಾಚ್ಯುಟಿಗೆ ಕಾಯಂ ನೌಕರನೊಬ್ಬನಿಗೆ 5 ವರ್ಷದ ಸತತ ಸೇವೆ ಬೇಕೆಂಬುದು 1972ರ ಕಾಯ್ದೆಯಿಂದ ಎಲ್ಲರ ಬಾಯಲ್ಲಿರುವ ಲೆಕ್ಕ. ಮೂರು ವರ್ಷ ಕಳೆದು ಈ ಎಂಬತ್ತರಲ್ಲಿ ಒಬ್ಬ ಕೆಲಸ ಬಿಟ್ಟರೆ ಹೊಸ ಸಾಫ್ಟ್‌ವೇರ್ ಅವನಿಗೆ ಸೊನ್ನೆ ತೋರಿಸುತ್ತದೆ. ಅಷ್ಟು ಹೊತ್ತಿಗೆ ಹಳೇ ಸರ್ವರ್ ಗುಜರಿಗೆ ಹೋಗಿರುತ್ತದೆ, ಎಚ್‌ಆರ್ ಮ್ಯಾನೇಜರ್ ಬೇರೆ ಕಂಪನಿಗೆ ಹೋಗಿರುತ್ತಾರೆ. ‘ಸಿಸ್ಟಂನಲ್ಲಿ ಹೀಗಿದೆ ನೋಡಿ’ ಎಂಬ ಮಾತಿಗೆ ಎದುರುತ್ತರ ಕೊಡುವ ಹೊಣೆ ನೌಕರನ ಹೆಗಲೇರುತ್ತದೆ. ಕಾಲಂ ಖಾಲಿಯಾಗಿಯೇ ಬಂದಿದ್ದರೆ ಯಾರಾದರೂ ಫೈಲು ಹುಡುಕುತ್ತಿದ್ದರು. ತುಂಬಿದ ಕಾಲಂ ಕಂಡರೆ ಯಾರೂ ಹುಡುಕುವುದಿಲ್ಲ.

ಇದರ ಪರಿಹಾರ ತಾಂತ್ರಿಕವಾಗಿ ದೊಡ್ಡದೇನಲ್ಲ. ಡೇಟಾಬೇಸ್ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ‘ಡ್ರಾಪ್ ಡೀಫಾಲ್ಟ್’ ಎಂಬ ಆಜ್ಞೆ ಇದೆ. ಒಂದು ಕಾಲಂಗೆ ಒಂದು ಸಾಲು. ಹೊಸ ಟೇಬಲ್ಲಿನಲ್ಲಿ ಡೀಫಾಲ್ಟ್ ಇಲ್ಲದಿದ್ದು, ಕಾಲಂ ಖಾಲಿ ಬಿಡಬಾರದೆಂಬ ಕಟ್ಟಳೆ ಮಾತ್ರ ಇದ್ದರೆ, ಆ ಎಂಬತ್ತು ಸಾಲುಗಳು ಒಳಗೆ ಹೋಗದೆ ಬಾಗಿಲಲ್ಲೇ ನಿಲ್ಲುತ್ತವೆ. ಭಾನುವಾರ ರಾತ್ರಿ ಗಲಾಟೆಯಾಗುತ್ತದೆ, ನಿಜ. ಆ ಗಲಾಟೆ ಆಗಲೇಬೇಕು.

ಒಂದು ವಿಷಯ ಮಾತ್ರ ಅನೇಕರು ಮರೆಯುತ್ತಾರೆ. ಡೀಫಾಲ್ಟ್ ತೆಗೆದುಹಾಕಿದರೆ ಇನ್ನು ಮುಂದೆ ಬರುವ ಸಾಲುಗಳು ಮಾತ್ರ ಬಚಾವು. ಈಗಾಗಲೇ ಬರೆದುಹೋದ ಸಾಲುಗಳಲ್ಲಿ ಸುಳ್ಳು ಹಾಗೇ ಕೂತಿರುತ್ತದೆ. ಅದನ್ನು ಹಿಡಿಯಲು ಎಣಿಕೆ ಮಾಡಬೇಕು. ಸಾವಿರ ಜನರ ಹುಟ್ಟಿದ ದಿನವನ್ನು ವರ್ಷದ 365 ದಿನಕ್ಕೆ ಹಂಚಿದರೆ ದಿನಕ್ಕೆ ಮೂವರು ಸಿಗಬಹುದು, ಹೆಚ್ಚೆಂದರೆ ಎಂಟೋ ಹತ್ತೋ. ಜೂನ್ 1ಕ್ಕೆ ನೂರು, ಜನವರಿ 1ಕ್ಕೆ ನೂರೈವತ್ತು ಬಂದರೆ ಅಲ್ಲಿ ತಾರೀಕು ಹುಟ್ಟಿದ್ದು ತಾಯಿಯ ಹೊಟ್ಟೆಯಲ್ಲಲ್ಲ, ಕೌಂಟರಿನಲ್ಲಿ. 1900ರ ಜನವರಿ 1 ಕಂಡರಂತೂ ಅನುಮಾನವೇ ಬೇಡ. ಮೈಕ್ರೊಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್‌ಗೆ ತಾರೀಕಿನ ಜಾಗದಲ್ಲಿ ಖಾಲಿ ಅಕ್ಷರ ಕೊಟ್ಟರೆ ಅದು ತಾನಾಗಿ ಆ ದಿನಾಂಕ ಮಾಡಿಕೊಳ್ಳುತ್ತದೆ. 1970ರ ಜನವರಿ 1 ಕಂಡರೆ ಅದು ಯುನಿಕ್ಸ್ ಯಂತ್ರಗಳ ಸೊನ್ನೆ. 2015 ಮುಗಿಯುವ ಹೊತ್ತಿಗೆ ಫೇಸ್‌ಬುಕ್ ಕೆಲವರಿಗೆ ‘ನಿಮ್ಮ ಗೆಳೆತನಕ್ಕೆ 46 ವರ್ಷ’ ಎಂದು ಶುಭಾಶಯ ಕಳಿಸಿ ನಗೆಪಾಟಲಾದದ್ದು ಈ ಸೊನ್ನೆಯಿಂದಲೇ ಇರಬೇಕೆಂದು ಬಲ್ಲವರು ಅಂದರು. ಮೈಎಸ್‌ಕ್ಯೂಎಲ್ ಹಳೇ ಆವೃತ್ತಿಗಳದ್ದು ಇನ್ನೂ ವಿಚಿತ್ರ. ಡೀಫಾಲ್ಟ್ ಕೊಟ್ಟಿರದಿದ್ದರೂ, ಖಾಲಿ ಬಿಡಬಾರದ ಕಾಲಂಗೆ ಬರೀ ಸೊನ್ನೆಗಳ ತಾರೀಕು ಹಾಕಿಕೊಂಡು ಸುಮ್ಮನಾಗುತ್ತಿತ್ತು. 2015ರ 5.7 ಆವೃತ್ತಿಯಿಂದ ಕಟ್ಟುನಿಟ್ಟು ಬಂತು. ಬೊಮ್ಮಸಂದ್ರದ ಎಷ್ಟು ಸ್ಟೋರ್‌ರೂಮ್‌ಗಳಲ್ಲಿ ಅದಕ್ಕೂ ಹಿಂದಿನ ಆವೃತ್ತಿ ಧೂಳು ಹಿಡಿದ ಸಿಪಿಯುನಲ್ಲಿ ಓಡುತ್ತಿದೆಯೋ, ಆಯಾ ಮಾಲೀಕರೇ ಒಮ್ಮೆ ಇಣುಕಿ ನೋಡುವುದು ಒಳ್ಳೆಯದು.

ಎಣಿಸಿ ಹಿಡಿದ ಮೇಲೆ ಎಲ್ಲವನ್ನೂ ಅಳಿಸಿಬಿಡಬಹುದೇ? ಆಗದು. ಜೂನ್ 1ರಂದು ನಿಜವಾಗಿ ಹುಟ್ಟಿದವರೂ ಇರುತ್ತಾರಲ್ಲ. ಅದಕ್ಕೆ ಇರುವ ಮರ್ಯಾದೆಯ ದಾರಿಯೆಂದರೆ ತಾರೀಕಿನ ಪಕ್ಕದಲ್ಲಿ ಇನ್ನೊಂದು ಕಾಲಂ ತೆರೆದು, ಅದು ಎಲ್ಲಿಂದ ಬಂತೆಂದು ಬರೆದಿಡುವುದು: ದಾಖಲೆ ನೋಡಿದ್ದು, ಬಾಯಿಮಾತಿನದು, ಅಂದಾಜಿನದು. ಇದು ಹೊಸ ವಿಚಾರವಲ್ಲ. ಆಧಾರ್ ವ್ಯವಸ್ಥೆಯ ಒಳಗೇ ಜನ್ಮದಿನಕ್ಕೆ ಮೂರು ಬಗೆಯ ಗುರುತು ಇದೆ. ಪರಿಶೀಲಿಸಿದ್ದಕ್ಕೆ ‘ವಿ’, ಹೇಳಿಕೆಯದಕ್ಕೆ ‘ಡಿ’, ಅಂದಾಜಿಗೆ ‘ಎ’. ವಿನ್ಯಾಸ ಮಾಡಿದವರು ಬುದ್ಧಿವಂತರೇ. ಆದರೆ ಕಾರ್ಡಿನ ಜೆರಾಕ್ಸ್ ಹಿಡಿದು ಬ್ಯಾಂಕಿಗೆ, ಸಿಮ್ ಅಂಗಡಿಗೆ, ಕಾರ್ಖಾನೆಯ ಎಚ್‌ಆರ್ ಕೌಂಟರಿಗೆ ಹೋದಾಗ ಆ ಒಂದಕ್ಷರ ಜೊತೆಗೆ ಬರುವುದಿಲ್ಲ. ತಾರೀಕು ಮಾತ್ರ ಬರುತ್ತದೆ. 2017ರಲ್ಲಿ ಹರಿದ್ವಾರದ ಬಳಿಯ ಗೈಂಡಿಖಾತಾ ಎಂಬ ಹಳ್ಳಿಯಲ್ಲಿ ನೂರಾರು ಕುಟುಂಬಗಳ ಆಧಾರ್ ಕಾರ್ಡ್‌ಗಳಲ್ಲಿ ಜನವರಿ 1 ಎಂದೇ ಅಚ್ಚಾಗಿದ್ದು ದೇಶವೆಲ್ಲ ಸುದ್ದಿಯಾಯಿತು. ಪತ್ರಿಕೆಗಳಿಗೆ ಅದು ತಮಾಷೆ. ಪಿಂಚಣಿಗೆ ವಯಸ್ಸು ಲೆಕ್ಕ ಹಾಕಬೇಕಾದವರಿಗೆ ತಮಾಷೆಯಾಗಿರಲಿಲ್ಲ.

ಭವಿಷ್ಯ ನಿಧಿ ಸಂಸ್ಥೆ 2024ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿ, ಜನ್ಮದಿನಾಂಕದ ಪುರಾವೆಗಳ ಪಟ್ಟಿಯಿಂದ ಆಧಾರ್ ಅನ್ನು ಕೈಬಿಟ್ಟಿತು. ಅದೇ ವರ್ಷ ಅಕ್ಟೋಬರ್ 24ರಂದು ಅಪಘಾತ ಪರಿಹಾರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ವಯಸ್ಸಿಗೆ ಆಧಾರ್‌ಗಿಂತ ಶಾಲೆ ಬಿಟ್ಟ ಪ್ರಮಾಣಪತ್ರವೇ ಮೇಲು ಎಂದಿತು. ಶಾಲೆ ಬಿಟ್ಟ ಪ್ರಮಾಣಪತ್ರದ ಬುಡದಲ್ಲಿ ಮತ್ತೆ ಆ ಜೂನ್ 1ರ ಹೆಡ್‌ಮೇಷ್ಟ್ರೇ ಕೂತಿರಬಹುದು ಎಂಬುದು ಬೇರೆ ಮಾತು. ನ್ಯಾಯಾಲಯಕ್ಕೆ ಅದರಾಚೆ ಹೋಗಲು ದಾರಿ ಇರಲಿಲ್ಲ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗಾದರೆ ಜನನ ಪ್ರಮಾಣಪತ್ರವೇ ಆಧಾರ ಎಂದು ಕಾಯ್ದೆ ತಿದ್ದುಪಡಿಯಾಗಿದೆ. ಆ ಮಕ್ಕಳು ಬೊಮ್ಮಸಂದ್ರದಲ್ಲಿ ಪಾಳಿಗೆ ಬರಲು ಇನ್ನೂ ಕಾಲವಿದೆ. ಇವತ್ತು ಮೆಷಿನ್ ಮುಂದೆ ನಿಂತಿರುವವರು ಹಳೇ ತಾರೀಕುಗಳನ್ನೇ ಹೊತ್ತವರು, ಅವರಿಗೆ ಇಪಿಎಸ್ ಪಿಂಚಣಿ ಶುರುವಾಗುವುದು 58ಕ್ಕೆ. ಭವಿಷ್ಯ ನಿಧಿಯ ಒಂದು ಪ್ರಾದೇಶಿಕ ಕಚೇರಿಯೇ ಬೊಮ್ಮಸಂದ್ರದ ಹೆಸರಿನಲ್ಲಿದೆ ಎಂದರೆ ಈ ಪಟ್ಟಿಯಲ್ಲಿ ಎಷ್ಟು ಜನರ ಬದುಕು ಆ ಕಾಲಂಗಳ ಮೇಲೆ ನಿಂತಿದೆ ಎಂದು ಊಹಿಸಬಹುದು.

ಡೀಫಾಲ್ಟ್‌ನ ಹಾವಳಿ ತಾರೀಕಿಗೇ ಮುಗಿಯುವುದಿಲ್ಲ. ಅಮೆರಿಕದ ಕಾನ್ಸಸ್ ರಾಜ್ಯದ ಪಾಟ್ವಿನ್ ಊರಿನ ಬಳಿ ಒಂದು ತೋಟದ ಮನೆ ಇದೆ. ಇಂಟರ್ನೆಟ್ ವಿಳಾಸಗಳು ಯಾವ ಊರಿನವು ಎಂದು ಹೇಳುವ ಮ್ಯಾಕ್ಸ್‌ಮೈಂಡ್ ಕಂಪನಿ, ‘ಅಮೆರಿಕ ಎಂದಷ್ಟೇ ಗೊತ್ತು, ಊರು ಗೊತ್ತಿಲ್ಲ’ ಎನ್ನುವ ವಿಳಾಸಗಳಿಗೆಲ್ಲ ದೇಶದ ನಡುಭಾಗದ ಒಂದು ಬಿಂದು ಕೊಡೋಣವೆಂದು 38 ಡಿಗ್ರಿ ಉತ್ತರ, 97 ಡಿಗ್ರಿ ಪಶ್ಚಿಮ ಎಂದು ದುಂಡಗೆ ಇಟ್ಟಿತು. ಆ ಬಿಂದು ಬಿದ್ದದ್ದು ಈ ಮನೆಯ ಮುಂದಿನ ಅಂಗಳಕ್ಕೆ. 60 ಕೋಟಿಗೂ ಹೆಚ್ಚು ವಿಳಾಸಗಳು ಅಲ್ಲಿಗೆ ಜೋಡಿಸಿಕೊಂಡಿದ್ದವು. ವಂಚನೆ, ಕಳವು, ಕಾಣೆಯಾದ ಮಕ್ಕಳು, ಆತ್ಮಹತ್ಯೆಯ ಬೆದರಿಕೆ ಯಾವುದೇ ಇರಲಿ, ಪೊಲೀಸರು ಬಂದು ಆ ಮನೆಯ ಬಾಗಿಲು ತಟ್ಟುತ್ತಿದ್ದರು. 2016ರಲ್ಲಿ ಪತ್ರಕರ್ತೆಯೊಬ್ಬರು ಜಾಡು ಹಿಡಿದು ಬರೆದ ಮೇಲೆ ಕಂಪನಿ ಆ ಬಿಂದುವನ್ನು ಒಂದು ಕೆರೆಯ ನಡುವಿಗೆ ಸರಿಸಿತು. ಅಲ್ಲೂ ಖಾಲಿ ಬಿಡಲಿಲ್ಲ ನೋಡಿ!

ನಮ್ಮ ಕಾರ್ಖಾನೆಗಳ ಐಟಂ ಮಾಸ್ಟರ್‌ನಲ್ಲೂ ಇಂಥವು ಬೇಕಾದಷ್ಟಿವೆ. ಜಿಎಸ್‌ಟಿ ದರದ ಕಾಲಂಗೆ 18 ಎಂದು ಡೀಫಾಲ್ಟ್ ಇಟ್ಟುಕೊಳ್ಳುವುದು ಅಕೌಂಟ್ಸ್ ವಿಭಾಗದವರಿಗೆ ಸಲೀಸು. 2025ರ ಸೆಪ್ಟೆಂಬರ್ 22ರಿಂದ ಶೇ 12 ಮತ್ತು ಶೇ 28ರ ಹಂತಗಳು ಬಹುಮಟ್ಟಿಗೆ ಹೋಗಿ ದರಗಳು ಅದಲುಬದಲಾದಾಗ, ಯಾವ ಐಟಂಗೆ ಯೋಚಿಸಿ 18 ಹಾಕಿದ್ದು, ಯಾವುದಕ್ಕೆ ಯಾರೂ ನೋಡದೆ 18 ಬಂದದ್ದು ಎಂಬುದನ್ನು ಬೇರ್ಪಡಿಸಲು ದಾರಿಯೇ ಇಲ್ಲ. ಎರಡೂ 18. ಇನ್ನು ಆಸ್ಪತ್ರೆಯ ನೋಂದಣಿ ಫಾರಂನಲ್ಲಿ ರಕ್ತದ ಗುಂಪಿನ ಪಟ್ಟಿಯ ಮೊದಲ ಹೆಸರೇ ತಾನಾಗಿ ಆಯ್ಕೆಯಾಗಿ ಕೂರುವಂತಿದ್ದರೆ ಅದರ ಅಪಾಯವನ್ನು ಬಿಡಿಸಿ ಹೇಳಬೇಕಿಲ್ಲ.

ಎಂಜಿನಿಯರುಗಳು ಇದಕ್ಕೆ ತಕರಾರು ತೆಗೆಯುತ್ತಾರೆ, ಅದರಲ್ಲಿ ಹುರುಳೂ ಇದೆ. ಡೀಫಾಲ್ಟ್ ಎಲ್ಲವೂ ಸುಳ್ಳಲ್ಲ. ಹೊಸ ಆರ್ಡರ್ ಬಂದಾಗ ಅದರ ಸ್ಥಿತಿ ‘ಬಾಕಿ’ ಎಂದಿರುವುದು ನಿಯಮ, ಅದರಲ್ಲಿ ಊಹೆ ಇಲ್ಲ. ಅಂಥವನ್ನು ಮೈಗ್ರೇಷನ್ ಮುಗಿದ ಮೇಲೆ ಮರಳಿ ಹಾಕಿಕೊಳ್ಳಲಿ. ಕಿತ್ತುಹಾಕಬೇಕಾದ್ದು ಸಾಗಾಟದ ಹೊತ್ತಿಗೆ. ಹತ್ತು ವರ್ಷದ ಹಿಂದೆ ಮುಗಿದ ಆರ್ಡರ್ ಒಂದರ ಸ್ಥಿತಿ ಖಾಲಿ ಇದ್ದರೆ ಅದು ‘ಬಾಕಿ’ ಎಂದು ಎದ್ದು ಕೂರಬಾರದಲ್ಲ. ಇನ್ನೊಂದು ತಕರಾರು, ಖಾಲಿ ಎಂಬುದಕ್ಕೂ ತನ್ನದೇ ಅವಾಂತರಗಳಿವೆ ಎಂಬುದು. ಅದೂ ನಿಜ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಒಬ್ಬಾತ ತಮಾಷೆಗೆಂದು ಕಾರಿನ ನಂಬರ್ ಪ್ಲೇಟಿಗೆ, ಡೇಟಾಬೇಸ್‌ನಲ್ಲಿ ಖಾಲಿಯನ್ನು ಸೂಚಿಸುವ ‘ನಲ್’ ಎಂಬ ಪದವನ್ನೇ ಬರೆಸಿಕೊಂಡ. ನಂಬರ್ ದಾಖಲಾಗದ ಕಾರುಗಳ ದಂಡವೆಲ್ಲ ಅವನ ಮನೆಗೆ ಬಂತು, ಸುಮಾರು 12 ಸಾವಿರ ಡಾಲರ್. ಅದಕ್ಕೇ ಖಾಲಿಯನ್ನು ಖಾಲಿ ಎಂದು ತಿಳಿಯುವಂತೆ ಗುರುತಿಸಬೇಕು. ನಮ್ಮ ಜಿಎಸ್‌ಟಿ ವ್ಯವಸ್ಥೆ ಇದನ್ನು ಚೆನ್ನಾಗಿಯೇ ಮಾಡಿದೆ. ರಫ್ತಿನ ಇ-ಇನ್‌ವಾಯ್ಸ್‌ನಲ್ಲಿ ವಿದೇಶಿ ಗ್ರಾಹಕನಿಗೆ ಪಿನ್‌ಕೋಡ್ ಇಲ್ಲವೆಂದು ಬೊಮ್ಮಸಂದ್ರದ 560099 ಹಾಕುವುದಿಲ್ಲ, 999999 ಎಂದು ಹಾಕುತ್ತಾರೆ. ನೋಂದಣಿ ಇಲ್ಲದವರಿಗೆ ಇ-ವೇ ಬಿಲ್‌ನಲ್ಲಿ ‘ಯುಆರ್‌ಪಿ’ ಎಂದು ಬರೆಯುತ್ತಾರೆ. ಇವು ಯಾರೂ ನಿಜವೆಂದು ನಂಬಲಾಗದ ಗುರುತುಗಳು, ಹಾಗಾಗಿ ಮೋಸವಿಲ್ಲ.

ಹಳೆಯದರಿಂದ ಹೊಸದನ್ನು ಕಟ್ಟಲು ಊಹೆ ಬೇಡ, ಸೂತ್ರ ಸಾಕು ಎಂಬುದಕ್ಕೆ ಕರಾವಳಿಯ ಎರಡು ಬ್ಯಾಂಕುಗಳ ಉದಾಹರಣೆ ಇದೆ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ಸೇರಿತು. ಶಾಖೆಗಳ ಐಎಫ್‌ಎಸ್‌ಸಿ ಕೋಡ್ ಬದಲಾಗಬೇಕಿತ್ತು. ಹಳೇ ಸಂಖ್ಯೆಗೆ 10,000 ಕೂಡಿಸಿ ಮುಂದೆ ಕೆನರಾದ ಅಕ್ಷರಗಳನ್ನು ಇಟ್ಟರೆ ಹೊಸ ಕೋಡ್ ಸಿದ್ಧ. ಹೊಸದನ್ನು ನೋಡಿ ಹಳೆಯದನ್ನು ಮರಳಿ ಹೇಳಬಹುದು. 2021ರ ಜುಲೈನಿಂದ ಹಳೇ ಕೋಡ್ ನಿಂತರೂ ಯಾವ ಶಾಖೆ ಯಾವುದಾಯಿತೆಂಬ ಜಾಡು ಉಳಿಯಿತು.

ಹಳೆಯದು ನಿಲ್ಲುವ ಆ ಗಳಿಗೆಯಲ್ಲೇ ಎಲ್ಲ ಅಡಗಿರುವುದು. ಭೂಮಿ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದಾಗ, ತಾಲ್ಲೂಕಿಗೆ ತಾಲ್ಲೂಕೇ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದು ಸಾರಲಾಯಿತು. ಧೈರ್ಯದ ನಿರ್ಧಾರ, ಅದರಿಂದ ಒಳ್ಳೆಯದೂ ಆಯಿತು. ಆದರೆ 3ನೇ ಕಾಲಂನ ವಿಸ್ತೀರ್ಣಕ್ಕೂ 9ನೇ ಕಾಲಂನ ವಿಸ್ತೀರ್ಣಕ್ಕೂ ತಾಳೆಯಾಗದ ಪಹಣಿ ಹಿಡಿದು ರೈತರು ಇಷ್ಟು ವರ್ಷಗಳ ಮೇಲೂ ತಹಶೀಲ್ದಾರ್ ಕಚೇರಿಗೆ ಅಲೆಯುತ್ತಿದ್ದಾರೆ. ಅಲ್ಲಿ ಕೊನೆಗೆ ನೆರವಿಗೆ ಬರುವುದು ರೆಕಾರ್ಡ್ ರೂಮಿನಲ್ಲಿ ಬಟ್ಟೆ ಸುತ್ತಿಟ್ಟ ಆ ಹಳೇ ಕೈಬರಹದ ಪುಸ್ತಕ. ಕಾರ್ಖಾನೆಗಳಲ್ಲಿ ರೆಕಾರ್ಡ್ ರೂಮೂ ಇರುವುದಿಲ್ಲ.

ಆದ್ದರಿಂದ ಬೊಮ್ಮಸಂದ್ರದ ಮಾಲೀಕರು, ಪುರಸಭೆಯ ಅಧಿಕಾರಿಗಳು, ಸಾಫ್ಟ್‌ವೇರ್ ಬದಲಿಸಲು ಹೊರಟ ಯಾರೇ ಇರಲಿ, ಹೊಸದನ್ನು ಚಾಲೂ ಮಾಡುವ ಕಾಗದಕ್ಕೆ ಸಹಿ ಹಾಕುವ ಮೊದಲು ವೆಂಡರ್ ಬಳಿ ಒಂದು ಪಟ್ಟಿ ಕೇಳಲಿ: ಯಾವ ಯಾವ ಕಾಲಂಗೆ ಡೀಫಾಲ್ಟ್ ಇದೆ, ಹಳೇ ದತ್ತಾಂಶದಲ್ಲಿ ಎಷ್ಟು ಸಾಲುಗಳಲ್ಲಿ ಅದೇ ಮೌಲ್ಯ ಕೂತಿದೆ. ಎಷ್ಟು ಸಾಲು ಹೊರಟಿತು, ಎಷ್ಟು ತಲುಪಿತು ಎಂಬ ಲೆಕ್ಕಕ್ಕೆ ಮರುಳಾಗುವುದು ಬೇಡ. ಪಟ್ಟಿ ಕೊಡಲು ಬರುವುದಿಲ್ಲ ಎನ್ನುವ ವೆಂಡರ್‌ಗೆ ಕೆಲಸ ಕೊಡಬೇಡಿ. ಹಳೇ ಡೇಟಾಬೇಸ್‌ನ ಒಂದು ಪ್ರತಿಯನ್ನು, ಅದರಲ್ಲಿ ಹೆಸರಿರುವ ಕೊನೆಯ ನೌಕರ ನಿವೃತ್ತನಾಗುವವರೆಗಾದರೂ ತೆರೆದು ಓದಬಹುದಾದ ಸ್ಥಿತಿಯಲ್ಲಿ ಇಟ್ಟುಕೊಳ್ಳಿ. ಹಾರ್ಡ್ ಡಿಸ್ಕಿನ ಬೆಲೆ ಈಗ ಒಬ್ಬ ನೌಕರನ ಒಂದು ತಿಂಗಳ ಓವರ್‌ಟೈಮ್‌ಗಿಂತ ಹೆಚ್ಚಿಲ್ಲ.

ಪಾಳಿಯಲ್ಲಿ ದುಡಿಯುವವರು ಮಾಲೀಕರಿಗಾಗಿ ಕಾಯಬೇಕಿಲ್ಲ. ನಿಮ್ಮ ಯುಎಎನ್ ಸಂಖ್ಯೆ ಹಾಕಿ ಭವಿಷ್ಯ ನಿಧಿಯ ಸದಸ್ಯರ ಪೋರ್ಟಲ್ ತೆರೆದು ಹುಟ್ಟಿದ ದಿನ, ಸೇರಿದ ದಿನ, ಹಿಂದಿನ ಕಂಪನಿ ಬಿಟ್ಟ ದಿನ ಈ ಮೂರನ್ನೂ ನೋಡಿಕೊಳ್ಳಿ. ಬಿಟ್ಟ ದಿನ ಖಾಲಿ ಇದ್ದರೆ 2020ರಿಂದೀಚೆಗೆ ನೀವೇ ತುಂಬಬಹುದು. 2017ರ ಅಕ್ಟೋಬರ್ 1ರ ನಂತರ ಆಧಾರ್ ಜೋಡಿಸಿ ಪಡೆದ ಯುಎಎನ್ ಆಗಿದ್ದರೆ ಇತರ ವಿವರಗಳನ್ನೂ ಆನ್‌ಲೈನ್‌ನಲ್ಲೇ ತಿದ್ದಲು ಅವಕಾಶವಿದೆ. ಕಂಪನಿಯ ದಾಖಲೆಯಲ್ಲಿ ತಪ್ಪಿದ್ದರೆ, ಹೊಸ ಸಾಫ್ಟ್‌ವೇರ್ ಬರುವ ಮೊದಲೇ ಎಚ್‌ಆರ್‌ಗೆ ಬರವಣಿಗೆಯಲ್ಲಿ ಕೊಟ್ಟು, ಸೀಲು ಸಹಿ ಹಾಕಿಸಿಕೊಂಡ ಪ್ರತಿಯನ್ನು ಮನೆಯಲ್ಲಿಡಿ.